ಎರಡೇ ಸಾಲಿಗೆ ಎದ್ದು ಓಡುವ ಮಗುವನ್ನು ಓದಿಗೆ ಕೂರಿಸುವುದು ಹೇಗೆ?

‘ಪುಸ್ತಕ ಹಿಡಿದರೆ ಎರಡು ಸಾಲಿಗೇ ಎದ್ದು ಓಡ್ತಾನೆ, ಏಕಾಗ್ರತೆಯೇ ಇಲ್ಲ.’ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳ ತಾಯ್ತಂದೆಯರು ಸಾಮಾನ್ಯವಾಗಿ ಹೇಳುವ ಮಾತಿದು. ಅದೇ ಮಗು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲನ್ನು ಎಷ್ಟೋ ಹೊತ್ತು ನೋಡುತ್ತದೆ. ಗಮನ ಇಲ್ಲದ ಮಗುವಲ್ಲ ಅದು. ಓದುವಾಗ ಅದರ ಗಮನವೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗಿ, ಕಥೆಗೆ ಏನೂ ಉಳಿದಿರುವುದಿಲ್ಲ.

ಕನ್ನಡದಲ್ಲಿ 49 ಅಕ್ಷರ ಕಲಿತರೆ ಮುಗಿಯಲಿಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂಬುದನ್ನು ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ‘ಸ್ವಾತಂತ್ರ್ಯ’ದಂಥ ಪದದಲ್ಲಿ ಎಡವಿದ ಮಗು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದನ್ನು ಮರೆತಿರುತ್ತದೆ. ಅರ್ಥವಾಗದ ಪುಟದ ಮುಂದೆ ದೊಡ್ಡವರೂ ಕೂರುವುದಿಲ್ಲ. ಗದರಿಸಿ ಕೂರಿಸುವ ಮೊದಲು ಈ ಹೊರೆ ಇಳಿಸೋಣ.

ಮೊದಲು ಪುಸ್ತಕ ಬದಲಿಸಿ

ಮಗುವಿಗೆ ಹೊಸದಾದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ಎಡವಿದ ಪ್ರತಿ ಪದಕ್ಕೂ ಒಂದು ಬೆರಳು ಮಡಚಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ, ಸದ್ಯಕ್ಕೆ ಆ ಪುಸ್ತಕ ನೀವು ಓದಿ ಹೇಳಲಿಕ್ಕೆ ಇರಲಿ. ಮಗು ಸ್ವತಃ ಓದಲು ಇನ್ನೂ ಸುಲಭದ್ದು ಬೇಕು. ಮೂರನೇ ತರಗತಿಯ ಮಗು ಒಂದನೇ ತರಗತಿಯ ಚಿತ್ರಕಥೆ ಓದಿದರೆ ಅವಮಾನವೇನಲ್ಲ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದನ್ನು ಮಾತ್ರ ಬಿಟ್ಟುಬಿಡಿ.

ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ, ನಾಲ್ಕು ಹಂತಗಳಲ್ಲಿ ಸಿಗುತ್ತವೆ. ಮೊದಲ ಹಂತದ ಕಥೆ 250 ಪದ ದಾಟುವುದಿಲ್ಲ. ಸಾಧ್ಯವಾದರೆ ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಮೊಬೈಲ್ ಪರದೆಯಲ್ಲಿ ಓದುವಾಗ ಮಗುವಿನ ಬೆರಳು ಬೇರೆಡೆ ಜಾರುವುದು ಸಹಜ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿದೆ.

ಐದು ನಿಮಿಷದಿಂದ ಶುರು

ಮಗು ತಾನಾಗಿ ತಲೆ ಎತ್ತುವುದು ಎಷ್ಟು ಹೊತ್ತಿಗೆ ಎಂದು ಎರಡು ದಿನ ಸುಮ್ಮನೆ ಗಮನಿಸಿ. ಆರು ನಿಮಿಷಕ್ಕೆ ಎಂದಾದರೆ ಐದಕ್ಕೇ ನೀವು ನಿಲ್ಲಿಸಿ. ‘ಇನ್ನೂ ಓದ್ತೀನಿ’ ಎನ್ನುವಾಗ ನಿಂತ ಓದಿಗೆ ಮರುದಿನ ಕರೆಯಬೇಕಾಗುವುದಿಲ್ಲ. ವಾರಕ್ಕೆ ಒಂದೋ ಎರಡೋ ನಿಮಿಷ ಹೆಚ್ಚಿಸುತ್ತಾ ಹೋಗಿ. ಜ್ವರ, ಹಬ್ಬ, ನೆಂಟರ ವಾರದಲ್ಲಿ ಹಿಂದಕ್ಕೆ ಬಂದರೆ ಬರಲಿ.

ಶಾಲೆಯಿಂದ ಬಂದ ಕೂಡಲೇ ಬೇಡ. ತಿಂಡಿ, ಆಟ ಮುಗಿಯಲಿ. ಟಿವಿ ಆರಿಸಿ, ಫೋನನ್ನು ಇನ್ನೊಂದು ಕೋಣೆಯಲ್ಲಿಡಿ, ಮುಖ್ಯವಾಗಿ ನಿಮ್ಮದನ್ನು.

ಜೊತೆಗೊಬ್ಬರು ಬೇಕು

ಒಂದು ಪುಟ ನೀವು, ಒಂದು ಪುಟ ಮಗು. ನಿಮ್ಮ ಸರದಿಯಲ್ಲಿ ಮಗುವಿನ ಕಣ್ಣಿಗೆ ವಿಶ್ರಾಂತಿ, ಕಥೆಯೂ ಮುಂದೆ ಸಾಗುತ್ತದೆ. ಪದ ತಪ್ಪಿದರೆ ಮೂರು ಎಣಿಸುವಷ್ಟು ಕಾಯಿರಿ, ಆಮೇಲೆ ಸರಿಯಾದದ್ದನ್ನು ಹೇಳಿ ಮುಂದುವರಿಯಿರಿ. ಪ್ರತಿ ಸಾಲಿಗೂ ತಡೆದು ತಿದ್ದಿದರೆ ಅದು ಪರೀಕ್ಷೆಯಾಗುತ್ತದೆ.

ಮನೆಯ ದೊಡ್ಡವರಿಗೆ ಓದು ಬಾರದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂರಲಿ, ಮೊಮ್ಮಗಳು ಓದಿ ಹೇಳಲಿ. ‘ಅಯ್ಯೋ, ಆಮೇಲೇನಾಯ್ತೇ?’ ಎಂದು ಕೇಳುವ ಅಜ್ಜಿಗಾಗಿ ಮಗು ಮುಂದಿನ ಪುಟ ತಿರುವುತ್ತದೆ. ನಿಜವಾಗಿ ಕಥೆ ಬೇಕೆಂದು ಕೇಳುವವರು ಸಿಕ್ಕರೆ ಮಕ್ಕಳ ಓದಿನ ಧಾಟಿಯೇ ಬದಲಾಗುತ್ತದೆ. ದೊಡ್ಡವರು ಕೇಳುವ ಪ್ರಶ್ನೆಯೂ ‘ಆಮೇಲೇನಾಯ್ತು?’ ಎಂಬಷ್ಟೇ ಸಾಕು. ‘ನೀತಿ ಏನು?’ ಎಂದು ಕೇಳಬೇಡಿ.

ಕನ್ನಡ ಮನೆಮಾತಾಗಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಈ ಓದಿನ ಹೊತ್ತು ಕನ್ನಡ ಕಥೆಗೇ ಇರಲಿ. ಗೊತ್ತಿರುವ ಮಾತಿನಲ್ಲಿ ಓದಿದಾಗ ಕಥೆಯೇ ಅದನ್ನು ಹಿಡಿದು ಕೂರಿಸುತ್ತದೆ.

ಬಿಡಿ ಕಥೆಯಿಂದ ಸರಣಿಗೆ

ಹತ್ತು ನಿಮಿಷ ಸಲೀಸಾದ ಮೇಲೆ ಪುಸ್ತಕ ಉದ್ದವಾಗಬಹುದು. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯ ಸಂಪುಟಗಳು ಈ ಹಂತಕ್ಕೆ ಒಪ್ಪುತ್ತವೆ: ಕಥೆ ಅಂದಂದಿಗೆ ಮುಗಿಯುತ್ತದೆ, ಪುಸ್ತಕ ಮುಗಿಯುವುದಿಲ್ಲ. ಅಲ್ಲಿಂದ ಅಧ್ಯಾಯಗಳಿರುವ ಮಕ್ಕಳ ಕಾದಂಬರಿಗೆ ದಾಟಿಸಿ. ಅಧ್ಯಾಯ ಶುರುವಾಗುವ ಮೊದಲು ನಿನ್ನೆಯ ಕಥೆಯನ್ನು ಮಗುವೇ ಎರಡು ಮಾತಲ್ಲಿ ನೆನಪಿಸಲಿ.

ಇಷ್ಟಾದರೂ ಆಗದಿದ್ದರೆ

ಕೆಲವು ತಿಂಗಳು ಪ್ರಯತ್ನಿಸಿದರೂ ಮಗು ಸಾಲು ತಪ್ಪುತ್ತಿದ್ದರೆ, ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದರೆ, ಓದಿದ ನಂತರ ತಲೆನೋವು ಎಂದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರದ ಮುಂದೆ ಮಾತ್ರ ಸೋಲುವ ಮಗುವಿಗೆ ಕಲಿಕಾ ತೊಂದರೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದರ ತಪಾಸಣೆ ನಡೆಯುತ್ತದೆ. ಹೋಗುವಾಗ ಮಗುವಿನ ನೋಟ್‌ಬುಕ್‌ಗಳನ್ನೂ ಶಿಕ್ಷಕರಿಂದ ಬರೆಸಿಕೊಂಡ ಒಂದು ಚೀಟಿಯನ್ನೂ ಒಯ್ಯಿರಿ. ವೈದ್ಯರ ಸಲಹೆಗೆ ಕಾಯುವ ದಿನಗಳಲ್ಲೂ ನೀವು ಓದಿ ಹೇಳುವುದು ನಡೆದೇ ಇರಲಿ.