ಗಾಡಿಯ ಹಳದಿ ದೀಪ: ಮೊದಲು ಕೋಡ್ ಓದಿ, ಆಮೇಲೆ ಸಾಮಾನು ಕೊಳ್ಳಿ

ಬೆಳೆಯ ಎಲೆ ಹಳದಿಯಾದರೆ ನಾವು ಕೂಡಲೇ ಅಂಗಡಿಗೆ ಓಡುವುದಿಲ್ಲ. ಒಂದು ಗಿಡ ಕಿತ್ತು ಬೇರು ನೋಡುತ್ತೇವೆ. ಗೊಬ್ಬರ ಸಾಲದೆ ಹೀಗಾಯಿತೋ, ನೀರು ನಿಂತು ಬೇರು ಕೊಳೆಯಿತೋ, ಹುಳ ಬಿದ್ದಿದೆಯೋ ಅಂತ ತಿಳಿದ ಮೇಲೆ ಔಷಧಿ ಮಾತು. ಆದರೆ ಗಾಡಿಯಲ್ಲಿ ಹಳದಿ ದೀಪ ಹತ್ತಿದಾಗ ಮಾತ್ರ ಗ್ಯಾರೇಜಿನವರು ಏನು ಬದಲಾಯಿಸಿ ಅಂದರೋ ಅದಕ್ಕೆಲ್ಲ ದುಡ್ಡು ಕೊಟ್ಟು ಬರುತ್ತೇವೆ.

ಈಗ ಹಳ್ಳಿಗಳಲ್ಲಿ ಹಳೇ ವ್ಯಾನು, ಸಣ್ಣ ಪಿಕಪ್ಪು ಇಟ್ಟುಕೊಂಡ ರೈತರು ಬಹಳ ಮಂದಿ. ಮಳೆ ನಂಬಿದ ನಮ್ಮ ಕಡೆ ಒಂದು ಬೆಳೆಯ ಲಾಭ ಒಂದು ರಿಪೇರಿಗೆ ಹೋಗಿಬಿಡುತ್ತದೆ. ಈ ದೀಪದ ಭಾಷೆ ಅಷ್ಟೇನೂ ಕಷ್ಟವಲ್ಲ. ಏಳನೇ ಕ್ಲಾಸು ಓದಿದ ನಾನು ಕಲಿತಿದ್ದೇನೆ. ನೀವೂ ಕಲಿಯಬಹುದು.

ದೀಪ ಯಾಕೆ ಹತ್ತುತ್ತದೆ?

ಈಗಿನ ಗಾಡಿಗಳ ಇಂಜಿನ್ನನ್ನು ಒಂದು ಸಣ್ಣ ಕಂಪ್ಯೂಟರ್ ನಡೆಸುತ್ತದೆ. ಒಳಗೆ ಎಷ್ಟು ಗಾಳಿ ಬಂತು, ನೀರು ಎಷ್ಟು ಬಿಸಿ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರುಗಳು ಅದಕ್ಕೆ ಸುದ್ದಿ ಕೊಡುತ್ತಾ ಇರುತ್ತವೆ. ಅದರ ಲೆಕ್ಕ ನೋಡಿ ಅದು ಪೆಟ್ರೋಲು ಬಿಡುತ್ತದೆ, ಕಿಡಿ ಹಚ್ಚುತ್ತದೆ. ಲೆಕ್ಕ ತಪ್ಪಿದರೆ ತಪ್ಪಿನ ನಂಬರನ್ನು ನೆನಪಿಟ್ಟುಕೊಂಡು ನಮ್ಮ ಮುಂದೆ ಇಂಜಿನ್ ಚಿತ್ರದ ಹಳದಿ ದೀಪ ಹಚ್ಚುತ್ತದೆ. ಆ ನಂಬರೇ ಕೋಡ್.

ಈ ಕೋಡುಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾಡಿದ ಪದ್ಧತಿಗೆ ಓಬಿಡಿ-2 ಎಂದು ಹೆಸರು. ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಇದು ಕಡ್ಡಾಯ. ನಮ್ಮಲ್ಲಿ ಬಿಎಸ್-4 ಕಾಲದಲ್ಲಿ ಬಂತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇದು ಇದ್ದೇ ಇರುತ್ತದೆ.

ಕೀಲಿ ತಿರುಗಿಸಿದಾಗ, ಇಂಜಿನ್ ಚಾಲೂ ಆಗುವ ಮೊದಲು, ಈ ದೀಪ ಹತ್ತಲೇಬೇಕು. ಚಾಲೂ ಆದ ಮೇಲೆ ಆರಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಮೊದಲು ನೋಡಿ. ಕೀಲಿ ತಿರುಗಿಸಿದಾಗಲೂ ದೀಪ ಹತ್ತದಿದ್ದರೆ ದೀಪ ಸುಟ್ಟಿದೆ, ಇಲ್ಲವೇ ರೋಗ ಮುಚ್ಚಿಡಲು ಯಾರೋ ಅದನ್ನು ಕಿತ್ತಿದ್ದಾರೆ.

ಹತ್ತಿದ ರೀತಿ ನೋಡಿ

1. ಕೆಂಪು ದೀಪ (ಎಣ್ಣೆ ಕುಡಿಕೆಯ ಚಿತ್ರ ಅಥವಾ ನೀರಿನ ಬಿಸಿಯ ಚಿತ್ರ): ಇದು ಹಳದಿ ದೀಪದ ವಿಷಯವೇ ಅಲ್ಲ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಮುಂದೆ ಓಡಿಸಿದರೆ ಇಂಜಿನ್ನೇ ಹೋಗುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ.

2. ಹಳದಿ ದೀಪ ಮಿಣುಕುತ್ತಿದ್ದರೆ: ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ. ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದರೊಳಗೆ ಪೆಟ್ರೋಲು ಉರಿದು ಅದು ಸುಟ್ಟು ಹೋಗುತ್ತದೆ. ಈ ಬಿಡಿಭಾಗ ಬಹಳ ದುಬಾರಿ. ವೇಗ ಇಳಿಸಿ, ಆಕ್ಸಿಲರೇಟರ್ ತುಳಿಯದೆ ಹತ್ತಿರದ ಜಾಗದಲ್ಲಿ ನಿಲ್ಲಿಸಿ.

3. ಹಳದಿ ದೀಪ ಒಂದೇ ಸಮ ಹತ್ತಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ: ನಿಧಾನವಾಗಿ ಮನೆ ಸೇರಬಹುದು. ಆದರೆ ತಿಂಗಳುಗಟ್ಟಲೆ ಬಿಡಬೇಡಿ. ಹಳೇ ತಪ್ಪಿಗೆ ದೀಪ ಹತ್ತೇ ಇದ್ದರೆ ಹೊಸ ತಪ್ಪು ಬಂದದ್ದು ಗೊತ್ತಾಗುವುದಿಲ್ಲ.

ದುಡ್ಡು ಬೇಡದ ತಪಾಸಣೆ

ಇಂಜಿನ್ ತಣ್ಣಗಾದ ಮೇಲೆ, ಕೀಲಿ ತೆಗೆದು, ಬಾನೆಟ್ ಎತ್ತಿ ಹತ್ತು ನಿಮಿಷ ಕಣ್ಣಲ್ಲೇ ನೋಡಿ.

* ವೈರುಗಳು: ಹಳ್ಳಿಯಲ್ಲಿ ಮೊದಲ ಶತ್ರು ಇಲಿ. ಶೇಂಗಾ ಮೂಟೆ ಪಕ್ಕ ಗಾಡಿ ನಿಲ್ಲಿಸಿದರೆ ಇಲಿ ಬಾನೆಟ್ಟಿನೊಳಗೆ ಮನೆ ಮಾಡುತ್ತದೆ. ಕಡಿದ ವೈರು, ಹಿಕ್ಕೆ, ಹುಲ್ಲು ಹುಡುಕಿ.
* ಏರ್ ಫಿಲ್ಟರ್: ನಮ್ಮ ಧೂಳಿನ ದಾರಿಗೆ ಪುಸ್ತಕದಲ್ಲಿ ಬರೆದ ಅವಧಿ ಸಾಲದು. ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳು ಸರಿಯಾಗಿ ಕೂತಿವೆಯೇ ನೋಡಿ.
* ರಬ್ಬರ್ ಪೈಪುಗಳು: ಬಿಸಿಲಿಗೆ ಬಿರುಕು ಬಿಡುತ್ತವೆ. ಇಂಜಿನ್ ಚಾಲೂ ಇದ್ದಾಗ ಸುಯ್ ಎನ್ನುವ ಸದ್ದು ಬಂದರೆ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ ಎಂದರ್ಥ.
* ಬ್ಯಾಟರಿ: ಟರ್ಮಿನಲ್ಲಿನ ಬಿಳಿ ಕಿಲುಬು ತೊಳೆದು ಬಿಗಿ ಮಾಡಿ. ಮಲ್ಟಿಮೀಟರಿನಲ್ಲಿ ಇಂಜಿನ್ ನಿಂತಾಗ 12.6 ವೋಲ್ಟಿನ ಆಸುಪಾಸು, ಓಡುವಾಗ 13.5ರಿಂದ 14.5 ಇರಬೇಕು. ವೋಲ್ಟೇಜು ಕಡಿಮೆಯಾದರೆ ಸೆನ್ಸರುಗಳೆಲ್ಲ ಸುಳ್ಳು ಹೇಳತೊಡಗುತ್ತವೆ.
* ಪೆಟ್ರೋಲ್ ಟ್ಯಾಂಕಿನ ಮುಚ್ಚಳ: ಕ್ಲಿಕ್ ಎನ್ನುವ ತನಕ ತಿರುಗಿಸಿ. ಆವಿ ಸೋರಿಕೆ ಅಳೆಯುವ ವ್ಯವಸ್ಥೆ ಇರುವ ಗಾಡಿಗಳಲ್ಲಿ ಸಡಿಲ ಮುಚ್ಚಳವೂ ದೀಪ ಹಚ್ಚುತ್ತದೆ.

ಕೋಡ್ ಓದುವ ವಿಧಾನ

ಸ್ಟೇರಿಂಗಿನ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ 16 ತೂತುಗಳ ಒಂದು ಸಾಕೆಟ್ ಇದೆ. ಎರಡು ಸಾಲು, ಸಾಲಿಗೆ ಎಂಟು. ಇದಕ್ಕೆ ಸಿಕ್ಕಿಸುವ ಇಎಲ್‌ಎಂ 327 ಎಂಬ ಸಣ್ಣ ಅಡಾಪ್ಟರ್ ಬರುತ್ತದೆ. ನನ್ನದಕ್ಕೆ 750 ರೂಪಾಯಿ ಕೊಟ್ಟೆ. ತೀರಾ ಅಗ್ಗದ ನಕಲಿಗಳು ಕೆಲವು ಗಾಡಿಗಳ ಜೊತೆ ಮಾತಾಡುವುದಿಲ್ಲ. ವಾಪಸ್ ತಗೊಳ್ಳುವ ಕಡೆ ಕೊಳ್ಳಿ. ನಾಲ್ಕೈದು ಮನೆಯವರು ಸೇರಿ ಒಂದು ತಂದರೂ ಸಾಕು.

ಅಡಾಪ್ಟರ್ ಸಿಕ್ಕಿಸಿ, ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ಆನ್ ಮಾಡಿ. ಫೋನಿನ ಬ್ಲೂಟೂತ್ ಜೋಡಿಸಿ, ಓಬಿಡಿ ಆ್ಯಪ್ ತೆರೆದು ಕೋಡ್ ಓದಿಸಿ. ಬಂದ ಕೋಡುಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳಿ. ತಪ್ಪು ಆದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಎಂದೂ ಕೆಲವು ಗಾಡಿಗಳು ತೋರಿಸುತ್ತವೆ. ಅದನ್ನೂ ಬರೆಯಿರಿ. ಬರೆಯುವ ಮೊದಲು ಅಳಿಸುವ ಗುಂಡಿ ಒತ್ತಬೇಡಿ.

ಕೋಡ್ 'ಪಿ' ಎಂದು ಶುರುವಾದರೆ ಇಂಜಿನ್, ಗೇರಿನ ಕಡೆಯದು. ನಂತರದ ಅಂಕೆ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಅರ್ಥ. ಹೆಚ್ಚಾಗಿ ಸಿಗುವ ಕೆಲವು:

ಪಿ 0301ರಿಂದ ಪಿ 0304: 1ರಿಂದ 4ನೇ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ. ಕೊನೆಯ ಅಂಕೆಯೇ ಸಿಲಿಂಡರಿನ ನಂಬರು.
ಪಿ 0300: ಯಾವುದೋ ಒಂದರಲ್ಲಲ್ಲ, ಅಲ್ಲಲ್ಲಿ ಉರಿ ತಪ್ಪುತ್ತಿದೆ.
ಪಿ 0171: ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ.
ಪಿ 0113: ಗಾಳಿಯ ಬಿಸಿ ಅಳೆಯುವ ಸೆನ್ಸರಿನ ದಾರಿಯಲ್ಲಿ ವೋಲ್ಟೇಜು ಹೆಚ್ಚು.
ಪಿ 0420: ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ.
ಪಿ 0562: ಕರೆಂಟು ಸಾಲುತ್ತಿಲ್ಲ.

ಕೋಡ್ ಹೇಳುವುದು ನೋವಿನ ಜಾಗ, ರೋಗವಲ್ಲ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಪಿ 0171 ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಾಯಿಸುವವರಿದ್ದಾರೆ. ಸುದ್ದಿ ತಂದವನನ್ನೇ ಹೊಡೆದ ಹಾಗೆ. ಬಿರುಕು ಬಿಟ್ಟ ಪೈಪು, ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್ ಮೊದಲು ನೋಡಬೇಕು. ಹಾಗೆಯೇ ಪಿ 0420 ಬಂದಾಗ ಜೊತೆಗೆ ಉರಿ ತಪ್ಪಿದ ಕೋಡ್ ಇದ್ದರೆ ಅದನ್ನು ಮೊದಲು ಸರಿ ಮಾಡಿ. ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಹೊಗೆ ಸೋರುತ್ತಿದೆಯೇ ನೋಡಿ. ಕನ್ವರ್ಟರ್ ಬದಲಾಯಿಸುವ ಮಾತು ಕಟ್ಟಕಡೆಗೆ.

ನಮ್ಮ ವ್ಯಾನಿನ ಎರಡು ಉದಾಹರಣೆ

ಮೊದಲನೆಯದು: ಈರುಳ್ಳಿ ಹೇರಿಕೊಂಡು ದಿಣ್ಣೆ ಹತ್ತುವಾಗ ವ್ಯಾನು ನಡುಗಿ ದೀಪ ಮಿಣುಕಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ನಾಲ್ಕು ಕಾಯಿಲು, ನಾಲ್ಕು ಪ್ಲಗ್ಗು, ಇಂಜೆಕ್ಟರ್ ತೊಳೆಯುವುದು ಸೇರಿ 9,800 ರೂಪಾಯಿ ಅಂದರು. ನಾನು ಓದಿದಾಗ ಬಂದದ್ದು ಒಂದೇ ಕೋಡ್, ಪಿ 0302. ಅಂದರೆ ಕೆಟ್ಟಿದ್ದು ಎರಡನೇ ಸಿಲಿಂಡರ್ ಮಾತ್ರ. ನಾಲ್ಕೂ ಯಾಕೆ ಬದಲಾಯಿಸಬೇಕು?

ಇದಕ್ಕೆ ಅದಲು ಬದಲು ಪರೀಕ್ಷೆ ಇದೆ. ನಮ್ಮ ವ್ಯಾನಿನಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ಕಳಚಿ, 2ನೇ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿದೆ. ಮತ್ತೆ ಮೈನಸ್ ಜೋಡಿಸಿ, ಕೋಡ್ ಅಳಿಸಿ, ಖಾಲಿ ಗಾಡಿಯನ್ನು ನಿಧಾನವಾಗಿ ಸ್ವಲ್ಪ ದೂರ ಓಡಿಸಿದೆ. ಈಗ ಬಂದ ಕೋಡ್ ಪಿ 0303. ಕಾಯಿಲಿನ ಜೊತೆ ತಪ್ಪೂ ಹೋಯಿತು. ಹಾಗಾದರೆ ಆ ಕಾಯಿಲೇ ಕೆಟ್ಟದ್ದು. ಒಂದು ಕಾಯಿಲಿಗೆ 1,450 ರೂಪಾಯಿ ಆಯಿತು, ಅಷ್ಟೇ.

ಕೋಡ್ ಪಿ 0302 ಆಗಿಯೇ ಉಳಿದಿದ್ದರೆ ಕಾಯಿಲ್ ಸರಿಯಿದೆ ಎಂದು ತಿಳಿದು ಪ್ಲಗ್ಗನ್ನು ಅದೇ ರೀತಿ ಅದಲು ಬದಲು ಮಾಡಬೇಕು. ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಓರೆಯಾಗಿ ಪಾನಾ ಹಾಕಿದರೆ ಮರೆ ಹಾಳಾಗುತ್ತದೆ. ಆಗಲೂ ತಪ್ಪು 2ರಲ್ಲೇ ಉಳಿದರೆ ಇಂಜೆಕ್ಟರ್, ಕಂಪ್ರೆಷನ್ ನೋಡಬೇಕು. ಅದು ಮೆಕ್ಯಾನಿಕ್ ಕೆಲಸ.

ಎರಡನೆಯದು: ಪಿ 0113 ಬಂತು. ಸೆನ್ಸರ್ ಏನು ಹೇಳುತ್ತಿದೆ ಎಂದು ಆ್ಯಪಿನಲ್ಲೇ ನೋಡಬಹುದು. ಬೇಸಿಗೆ ಮಧ್ಯಾಹ್ನ ಒಳಗೆ ಬರುವ ಗಾಳಿ ಮೈನಸ್ 40 ಡಿಗ್ರಿ ಎಂದು ತೋರಿಸುತ್ತಿತ್ತು! ನಮ್ಮ ಬಯಲುಸೀಮೆಯಲ್ಲಿ ಹಿಮಾಲಯದ ಚಳಿ ಎಲ್ಲಿಂದ ಬಂತು? ಈ ಸೆನ್ಸರಿನ ವೈರು ತುಂಡಾದಾಗ ಕಂಪ್ಯೂಟರ್ ಹೀಗೆ ಲೆಕ್ಕ ಹಾಕುತ್ತದೆ. ಹುಡುಕಿದರೆ ಇಲಿ ಕಡಿದ ವೈರು ಸಿಕ್ಕಿತು. ಬ್ಯಾಟರಿ ಕಳಚಿ, ತುದಿ ಸುಲಿದು, ಬೆಸುಗೆ ಹಾಕಿ, ಮೇಲೆ ತೋಳು ಹಾಕಿ ಟೇಪು ಸುತ್ತಿದೆ. ಹೊಸ ಸೆನ್ಸರ್ ಕೊಳ್ಳುವ ಅಗತ್ಯ ಬೀಳಲಿಲ್ಲ.

ಡೀಸೆಲ್ ಗಾಡಿಯವರಿಗೆ

ಕೋಡ್ ಓದುವ ವಿಧಾನ ಒಂದೇ. ಆದರೆ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೊಲಕ್ಕೂ ಮನೆಗೂ ಸಣ್ಣ ಸಣ್ಣ ಓಡಾಟವೇ ಆದರೆ ಅದು ತುಂಬಿ ದೀಪ ಹತ್ತುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಹಲವು ಸಲ ತಾನೇ ಮಸಿ ಸುಟ್ಟುಕೊಳ್ಳುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದರ ಕ್ರಮ ನೋಡಿ. ಇಂಜಿನ್ ಚಾಲೂ ಇದ್ದಾಗ ಡೀಸೆಲ್ ಪೈಪಿನ ನಟ್ಟು ಸಡಿಲಿಸಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮದೊಳಗೆ ಹೊಕ್ಕುತ್ತದೆ. ಹಳೇ ಪಂಪಿನ ಗಾಡಿಯಲ್ಲಿ ಏರ್ ತೆಗೆಯುತ್ತಿದ್ದ ಅಭ್ಯಾಸ ಇಲ್ಲಿ ನಡೆಯದು.

ದೀಪ ಆರಿಸುವ ಬಗ್ಗೆ

ತಪ್ಪು ಸರಿಮಾಡಿದ ಮೇಲೆ ಆ್ಯಪಿನಲ್ಲಿ ಕೋಡ್ ಅಳಿಸಿ. ಅಳಿಸದಿದ್ದರೂ ತಪ್ಪು ಮತ್ತೆ ಕಾಣದಿದ್ದರೆ ಸಾಮಾನ್ಯವಾಗಿ ಮೂರು ಓಟದಲ್ಲಿ ದೀಪ ತಾನೇ ಆರುತ್ತದೆ. ರಿಪೇರಿ ಮಾಡದೆ ಬರೀ ಅಳಿಸುವುದು ಜ್ವರ ನೋಡುವ ಕಡ್ಡಿ ಬಿಸಾಡಿದ ಹಾಗೆ. ಜ್ವರ ಒಳಗೇ ಇರುತ್ತದೆ.

ಯಾವುದಕ್ಕೆ ಕೈ ಹಾಕಬಾರದು?

ಏರ್‌ಬ್ಯಾಗಿನ ವೈರು, ಟೈಮಿಂಗ್ ಬೆಲ್ಟು ಮತ್ತು ಚೈನು, ಗೇರ್ ಬಾಕ್ಸು, ಡೀಸೆಲ್ ಪಂಪು ನಮ್ಮ ಕೆಲಸವಲ್ಲ. ಪೆಟ್ರೋಲ್ ವಾಸನೆ ಬಂದರೆ ಕೀಲಿಯನ್ನೇ ತಿರುಗಿಸಬೇಡಿ. ವಾರಂಟಿ ಇರುವ ಗಾಡಿಯನ್ನು ಕಂಪನಿಗೇ ಒಯ್ಯಿರಿ.

ಗ್ಯಾರೇಜಿಗೆ ಹೋಗಲೇಬೇಕಾದರೂ ಕೋಡ್ ಬರೆದ ಪುಸ್ತಕ ಜೊತೆಗಿರಲಿ. "ದೀಪ ಹತ್ತಿದೆ, ನೋಡಿ" ಎನ್ನುವುದಕ್ಕೂ "ಪಿ 0302 ಬಂದಿದೆ, ಕಾಯಿಲು ಪ್ಲಗ್ಗು ಅದಲು ಬದಲು ಮಾಡಿ ನೋಡಿದ್ದೇನೆ, ಇಂಜೆಕ್ಟರ್ ನೋಡಿ" ಎನ್ನುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ಮೆಕ್ಯಾನಿಕ್ಕಿಗೂ ಇದರಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.