ನೀಲಿ ಹೊಗೆ ಬಂತೆಂದು ಎಂಜಿನ್ ಇಳಿಸಬೇಡಿ

ಪ್ರಶ್ನೆ: ತಿಕೋಟಾ ಹತ್ತಿರ ದ್ರಾಕ್ಷಿ ತೋಟವಿದೆ. ಔಷಧ ಹೊಡೆಯುವ ಟ್ರ್ಯಾಕ್ಟರ್ ನೀಲಿ ಹೊಗೆ ಬಿಡುತ್ತಿದೆ, ಆಯಿಲ್ ತಿನ್ನುತ್ತಿದೆ. ಮೇಸ್ತ್ರಿ ‘ಪೂರ್ತಿ ಎಂಜಿನ್ ಬಿಚ್ಚೋಣ’ ಅನ್ನುತ್ತಾರೆ. ನಾನೇ ಬಿಚ್ಚಬಹುದೇ?

ಉತ್ತರ: ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದಷ್ಟೇ, ಎಲ್ಲಿಂದ ಇಳಿಯುತ್ತಿದೆ ಎಂದು ಹೊಗೆ ಹೇಳುವುದಿಲ್ಲ. ಎಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುವಾಗ ಆಯಿಲ್ ಹಾಕುವ ಮುಚ್ಚಳವನ್ನು ಜೋಪಾನವಾಗಿ ಸಡಿಲಿಸಿ. ಬುಸುಬುಸು ಹೊಗೆ ಒತ್ತಿ ಬಂದರೆ ರಿಂಗ್, ಲೈನರ್ ಸವೆದಿರುವ ಸಂಭವವೇ ಹೆಚ್ಚು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಮೇಲೆ ಅನುಮಾನ. ಅದಕ್ಕೆ ಹೆಡ್ ಇಳಿಸಿದರೆ ಸಾಕು. ಟರ್ಬೊ ಇದ್ದರೆ ಅದನ್ನೂ ನೋಡಿಸಿ. ಏನನ್ನೂ ಬಿಚ್ಚುವ ಮೊದಲು ಗೇಜ್ ಹಾಕಿಸಿ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ‘ಹೇಗೂ ಬಿಚ್ಚುತ್ತೇವೆ, ಕಂಪ್ರೆಷನ್ ಗೇಜ್ ಯಾಕೆ?’ ಎಂದು ಮೇಸ್ತ್ರಿ ಕೇಳಬಹುದು. ಬಿಚ್ಚಿದ ಮೇಲೆ ಆ ಪರೀಕ್ಷೆ ಸಾಧ್ಯವಿಲ್ಲ, ಅದಕ್ಕೇ.

ಹೆಡ್ ಇಳಿಸುವುದು ನಿಮ್ಮಿಂದ ಆಗುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಲಿ, ನೀರು ಇಳಿಸಿ, ಅಂಚಿನ ಬೋಲ್ಟಿನಿಂದ ನಡುವಿನ ಕಡೆಗೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಇಲ್ಲದಿದ್ದರೆ ಹೆಡ್ ಬಾಗಬಹುದು. ಪುಶ್‌ರಾಡ್‌ಗಳನ್ನು ರಟ್ಟಿನಲ್ಲಿ ತೂತು ಮಾಡಿ ಸಾಲಾಗಿ ಸಿಕ್ಕಿಸಿಡಿ. ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳು ಅದಲುಬದಲಾದರೆ ಬೇರಿಂಗ್ ಕೆಡುತ್ತದೆ, ಹಾಗಾಗಿ ಕೆಳಗಿನ ಕೆಲಸ ಅನುಭವಸ್ಥರಿಗೇ ಇರಲಿ. ಕ್ರ್ಯಾಂಕ್, ಲೈನರ್ ಅಳತೆಯನ್ನು ವಿಜಯಪುರದಲ್ಲಿ ಮೈಕ್ರೋಮೀಟರ್ ಹಿಡಿಯುವವರಿಂದ ಮಾಡಿಸಿ, ಬರೆಸಿಕೊಳ್ಳಿ. ಡೀಸೆಲ್ ಪಂಪಿಗಂತೂ ಕೈ ಹಾಕಲೇಬೇಡಿ.

ಇನ್ನೊಂದು ಮಾತು. ತಿಕೋಟಾ, ಬಬಲೇಶ್ವರದ ಧೂಳಿನಲ್ಲಿ ಏರ್ ಕ್ಲೀನರ್ ಪೈಪ್ ಬಿರುಕುಬಿಟ್ಟಿದ್ದರೆ ಹೊಸ ಲೈನರ್ ಕೂಡ ಬೇಗ ಸವೆಯುತ್ತದೆ. ಮೊದಲು ಆ ಪೈಪ್ ನೋಡಿ. ಅಕ್ಟೋಬರ್ ಚಾಟ್ನಿಗೆ (ದ್ರಾಕ್ಷಿ ಬಳ್ಳಿ ಸವರುವ ಕೆಲಸಕ್ಕೆ) ಮುಂಚೆಯೇ ರಿಪೇರಿ ಮುಗಿಸಿಕೊಳ್ಳಿ.