ಹಳೆ ರೋಡ್‌ಕಿಂಗೋ, ಹೊಸ ಯೆಜ್ಡಿಯೋ: ಕಿಲೊಮೀಟರ್ ಹೇಳುವ ಲೆಕ್ಕ

ಹಳೆ ಗಾಡಿ ಇಟ್ಟುಕೊಂಡವರ ಬಾಯಲ್ಲಿ ಒಂದೇ ಮಾತು: "ಇದರ ಬೆಲೆ ಇಳಿಯಲ್ಲ ಸಾರ್, ಏರೋದೇ." ಹೊಸದು ತೆಗೆದುಕೊಂಡವರದು ಇನ್ನೊಂದು: "ಬೆಳಿಗ್ಗೆ ಬಟನ್ ಒತ್ತಿದರೆ ಆಯ್ತು, ತಲೆನೋವಿಲ್ಲ." ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ಇರುವುದು ಅರ್ಧ ಲೆಕ್ಕ. ಉಳಿದರ್ಧ ನನ್ನ ಹತ್ತಿರ ಇದೆ. ಐದು ವರ್ಷದಿಂದ 1991ರ ಯೆಜ್ಡಿ ರೋಡ್‌ಕಿಂಗ್ ಒಂದನ್ನು ಸಾಕುತ್ತಿದ್ದೇನೆ. ಲೆಕ್ಕ ಬರೆಯುವುದು ನನ್ನ ಕಸುಬು, ಹಾಗಾಗಿ ಅದಕ್ಕೆ ಹಾಕಿದ ಪ್ರತಿ ರೂಪಾಯಿಯೂ ಒಂದು ನೋಟ್‌ಬುಕ್ಕಿನಲ್ಲಿದೆ. ಹೊಸ ಯೆಜ್ಡಿಯ ಕೊಟೇಶನ್ನೂ ಈಗ ಮೇಜಿನ ಮೇಲಿದೆ, ಅಕ್ಕನ ಮಗ ತಂದುಕೊಟ್ಟದ್ದು. ಅವನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. "ಮಾಮ, ನಿಮ್ಮ ಥರದ್ದೇ ಹಳೇದು ತಗೊಳ್ಳಲಾ, ಶೋರೂಮಿಂದ ಹೊಸದು ತಗೊಳ್ಳಲಾ?" ಎಂಬುದು ಅವನ ಪ್ರಶ್ನೆ.

ಮೈಸೂರಿನವರಿಗೆ ಈ ಎರಡೂ ಗಾಡಿಗಳ ಪರಿಚಯ ಬೇಕಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಇಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ತಯಾರಾಗತೊಡಗಿತು. ಮುಂದೆ ಅದೇ ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು: 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, 16 ಅಶ್ವಶಕ್ತಿ, ಎರಡು ಸೈಲೆನ್ಸರ್, ಕಿಕ್ಕರೇ ಗೇರ್ ಲಿವರ್ ಕೂಡ. ಶೋಳವರಂ ರೇಸುಗಳಲ್ಲಿ ಓಡಿದ ಗಾಡಿ ಇದು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಮಹೀಂದ್ರಾ ಬಂಡವಾಳ ಹಾಕಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ರಸ್ತೆಗೆ ತಂದಿತು. ಹೊಸ ಯೆಜ್ಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. 334 ಸಿಸಿಯ ಫೋರ್-ಸ್ಟ್ರೋಕ್, ಲಿಕ್ವಿಡ್ ಕೂಲಿಂಗ್, ಎಬಿಎಸ್, ಹಳೆಯದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಶಕ್ತಿ. ಹೆಸರೊಂದು ಬಿಟ್ಟರೆ ನಟ್ಟು-ಬೋಲ್ಟು ಕೂಡ ಒಂದಕ್ಕೊಂದು ಕೂಡುವುದಿಲ್ಲ.

ಮೊದಲು ಹೊಸದರ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 334 ಸಿಸಿಯ ಯೆಜ್ಡಿಗೂ ಅದರ ಲಾಭ ಸಿಕ್ಕಿದೆ. ಎಕ್ಸ್-ಶೋರೂಂ ಬೆಲೆ ಈಗ ಎರಡು ಲಕ್ಷದ ಆಸುಪಾಸು. ಆದರೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ, ಐದು ವರ್ಷದ ಕಡ್ಡಾಯ ಥರ್ಡ್ ಪಾರ್ಟಿ ವಿಮೆ, ರಿಜಿಸ್ಟ್ರೇಷನ್ ಎಲ್ಲ ಸೇರಿ ಹುಡುಗನಿಗೆ ಕೊಟ್ಟ ಕೊಟೇಶನ್‌ನಲ್ಲಿ ಆನ್-ರೋಡ್ ಬೆಲೆ ಸುಮಾರು 2.55 ಲಕ್ಷ. ಮೇಲಿನ ಈ ಐವತ್ತೈದು ಸಾವಿರದ ಕಡೆ ಯಾರೂ ಗಮನ ಕೊಡುವುದಿಲ್ಲ. ಮುಂದೆ ಗಾಡಿ ಮಾರುವಾಗ ಕೊಳ್ಳುವವನು ಚೌಕಾಸಿ ಶುರುಮಾಡುವುದು ಎಕ್ಸ್-ಶೋರೂಂ ಬೆಲೆಯಿಂದ. ತೆರಿಗೆ, ವಿಮೆಯ ದುಡ್ಡು ಶೋರೂಮಿನ ಗೇಟು ದಾಟಿದ ಕ್ಷಣವೇ ಖರ್ಚು.

ಸವಕಳಿ ಎಷ್ಟೆಂದು ಅಂದಾಜು ಮಾಡಲು ವಿಮೆಯವರ ಪಟ್ಟಿ ಸಾಕು. ಗಾಡಿಗೆ ಆರು ತಿಂಗಳಾಗುವವರೆಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡರೊಳಗೆ ಶೇ 20, ಮೂರರೊಳಗೆ ಶೇ 30, ನಾಲ್ಕರೊಳಗೆ ಶೇ 40, ಐದರೊಳಗೆ ಶೇ 50. ಅಂದರೆ ಐದು ವರ್ಷಕ್ಕೆ ಎರಡು ಲಕ್ಷದ್ದು ಒಂದು ಲಕ್ಷ. ದಿನಾ ನಂಜನಗೂಡಿಗೆ ಹೋಗಿಬರುವ ಗಾಡಿಗೆ ವರ್ಷಕ್ಕೆ ಎಂಟು ಸಾವಿರ ಸರ್ವಿಸ್ ಖರ್ಚೆಂದು ಹಿಡಿದೆ. ಎರಡನೇ ವರ್ಷದಿಂದ ಸ್ವಂತ ಹಾನಿಯ ವಿಮೆಗೆ ಒಟ್ಟು ಹನ್ನೆರಡು ಸಾವಿರ. ಎಲ್ಲ ಕೂಡಿಸಿ, ಕೊನೆಗೆ ಮಾರಿ ಬರುವ ಒಂದು ಲಕ್ಷ ಕಳೆದರೆ ಐದು ವರ್ಷದಲ್ಲಿ ಕೈಬಿಡುವುದು 2.07 ಲಕ್ಷ. ಗಾಡಿಯಲ್ಲಿ ಸರಾಸರಿ ಸಿಕ್ಕಿಕೊಂಡಿರುವ ದುಡ್ಡು, ಅಂದರೆ ಮೊದಲು ಹಾಕಿದ್ದರ ಮತ್ತು ಕೊನೆಗೆ ಮಾರಿ ಬರುವುದರ ಸರಾಸರಿ, ಬ್ಯಾಂಕಿನಲ್ಲಿದ್ದಿದ್ದರೆ ಶೇ 7ರಂತೆ ಸಿಗುತ್ತಿದ್ದ ಬಡ್ಡಿಯನ್ನೂ ಸೇರಿಸಿದರೆ ವರ್ಷಕ್ಕೆ ಸುಮಾರು 54 ಸಾವಿರ ರೂಪಾಯಿ. ಪೆಟ್ರೋಲ್ ಬೇರೆ.

ಇನ್ನು ನನ್ನ ರೋಡ್‌ಕಿಂಗ್. ಹೇಳಿದ ಬೆಲೆ 1.15 ಲಕ್ಷ. ನೋಡಲು ಹೋದಾಗ ನಮ್ಮ ಮೆಕ್ಯಾನಿಕ್ ಭಾಯ್ ಅವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಫಳಫಳ ಹೊಳೆಯುತ್ತಿದ್ದ ಟ್ಯಾಂಕಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಎಂಜಿನ್ ನಂಬರ್ ಒರೆಸಿ, ಆರ್‌ಸಿ ಪುಸ್ತಕದ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದರು. ಆಮೇಲೆ ಮ್ಯಾಗ್ನೆಟ್ ಕವರ್ ಬಿಚ್ಚಿ, ಒಳಗಿನ ರೋಟರನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. "ಆಟ ಇದೆ ಸಾರ್. ಕ್ರ್ಯಾಂಕ್ ಬೇರಿಂಗ್ ಹೋಗ್ತಾ ಇದೆ. ಇವತ್ತಲ್ಲ ನಾಳೆ ಎಂಜಿನ್ ಬಿಚ್ಚಲೇಬೇಕು" ಎಂದರು. ಆ ಒಂದು ಮಾತಿಗೆ ಮಾಲೀಕರು ಹದಿನೈದು ಸಾವಿರ ಇಳಿಸಿದರು. ಭಾಯ್‌ಗೆ ನಾನು ಕೊಟ್ಟದ್ದು ಒಂದು ಸಾವಿರ. ಐದು ವರ್ಷದಲ್ಲಿ ಈ ಗಾಡಿಗೆ ಹಾಕಿದ ದುಡ್ಡಿನಲ್ಲಿ ಇಷ್ಟು ಲಾಭ ತಂದದ್ದು ಬೇರೊಂದಿಲ್ಲ.

ಒಂದು ಲಕ್ಷಕ್ಕೆ ವ್ಯಾಪಾರ ಮುಗಿಯಿತು. ಆರ್‌ಸಿಯ ಅವಧಿ ಮುಗಿದುಹೋಗಿತ್ತು. ಹಿಂದೆ ಸಾಲ ಮಾಡಿ ಕೊಂಡಿದ್ದ ಗಾಡಿಯಾದ್ದರಿಂದ ಫೈನಾನ್ಸ್ ಕಂಪನಿಯೊಂದರ ಹೆಸರು ಹೈಪಾಥಿಕೇಷನ್ ಕಾಲಮ್ಮಿನಲ್ಲಿ ಹಾಗೇ ಕೂತಿತ್ತು. ಸಾಲ ಎಂದೋ ತೀರಿತ್ತು, ಕಂಪನಿಯೂ ಎಂದೋ ಮುಚ್ಚಿತ್ತು, ಆದರೆ ಅದನ್ನು ತೆಗೆಸುವ ಫಾರಂ 35 ಯಾರೂ ಕೊಟ್ಟಿರಲಿಲ್ಲ. ಅದನ್ನು ಸರಿಪಡಿಸಿ, ಮರುನೋಂದಣಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಹೆಸರು ಬದಲಾಯಿಸಿ, ಆಮೇಲೆ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸುವಷ್ಟರಲ್ಲಿ ಹತ್ತು ಸಾವಿರ. ಕ್ರ್ಯಾಂಕ್, ಬೋರ್, ಪಿಸ್ಟನ್, ಕ್ಲಚ್ ಪ್ಲೇಟು, ಆಯಿಲ್ ಸೀಲುಗಳಿಗೆ ಮೂವತ್ತೈದು ಸಾವಿರ. ಕ್ರೋಮ್, ಪೇಂಟು, ವೈರಿಂಗ್, ಸೀಟಿಗೆ ನಲವತ್ತು. ಅಲ್ಲಿಗೆ 1.85 ಲಕ್ಷ. ಆಮೇಲೆ ವರ್ಷಕ್ಕೆ ಸರಾಸರಿ ಹತ್ತು ಸಾವಿರದ ಚಿಲ್ಲರೆ ಕೆಲಸ, ಮತ್ತು 150ರಿಂದ 350 ಸಿಸಿ ಗಾಡಿಗೆ ನಿಗದಿಯಾದ 1,366 ರೂಪಾಯಿಯ ಥರ್ಡ್ ಪಾರ್ಟಿ ಪ್ರೀಮಿಯಂ, ಅದರ ಮೇಲೆ ಜಿಎಸ್‌ಟಿ. ಐದು ವರ್ಷಕ್ಕೆ ಒಟ್ಟು 2.43 ಲಕ್ಷ.

ಈಚೆಗೆ ಬೆಂಗಳೂರಿನವರೊಬ್ಬರು ಈ ಗಾಡಿಗೆ 1.60 ಲಕ್ಷ ಕೊಡುತ್ತೇನೆ ಎಂದರು. ಗೆಳೆಯರು ಬೆನ್ನು ತಟ್ಟಿದರು: "ಒಂದು ಲಕ್ಷದ್ದು ಒಂದು ಅರವತ್ತಾಯ್ತಲ್ಲಪ್ಪಾ!" ನೋಟ್‌ಬುಕ್ ಹೇಳುವುದು ಬೇರೆ. 2.43 ಲಕ್ಷ ಹಾಕಿ 1.60 ಲಕ್ಷ ತೆಗೆದರೆ 83 ಸಾವಿರ ನಷ್ಟ. ಹೊಸ ಬೈಕಿಗೆ ಹಾಕಿದ ಬಡ್ಡಿಯ ಲೆಕ್ಕವನ್ನೇ ಇದಕ್ಕೂ ಹಾಕಿದರೆ ವರ್ಷಕ್ಕೆ ಸುಮಾರು 29 ಸಾವಿರ ರೂಪಾಯಿ. ಹಳೆ ಗಾಡಿಯ ಬೆಲೆ ಇಳಿಯುವುದಿಲ್ಲ ಎನ್ನುವುದು ನಿಜ. ಇಳಿಯದಂತೆ ಹಿಡಿದು ನಿಲ್ಲಿಸಿರುವುದು ಮಾಲೀಕನ ಜೇಬು ಎನ್ನುವುದೂ ಅಷ್ಟೇ ನಿಜ. ಹೊಸದರಲ್ಲಿ ಸವಕಳಿ ಎಂದು ಹೋಗುವ ದುಡ್ಡು ಇಲ್ಲಿ ಗ್ಯಾರೇಜಿನ ಬಿಲ್ಲಾಗಿ ಹೋಗುತ್ತದೆ.

ಆದರೂ 29 ಸಾವಿರ ಎಲ್ಲಿ, 54 ಸಾವಿರ ಎಲ್ಲಿ? ಹಳೆಯದೇ ಅಗ್ಗ ಎಂದು ಹುಡುಗ ಹಿಗ್ಗಿದ. ಒಂದು ಭಾಗಾಕಾರ ಬಾಕಿ ಇತ್ತು. ನನ್ನ ರೋಡ್‌ಕಿಂಗ್ ಹೊರಬರುವುದು ಭಾನುವಾರ, ಹಬ್ಬ-ಹರಿದಿನಕ್ಕೆ. ವರ್ಷಕ್ಕೆ ಸಾವಿರದ ಐನೂರು ಕಿಲೊಮೀಟರ್ ಓಡಿದರೆ ಹೆಚ್ಚು. ಕಿಲೊಮೀಟರಿಗೆ 19 ರೂಪಾಯಿ ಬಿತ್ತು. ಅವನು ಮೈಸೂರು-ನಂಜನಗೂಡು ಓಡಾಡಿದರೆ ವರ್ಷಕ್ಕೆ ಹನ್ನೆರಡು ಸಾವಿರ ಕಿಲೊಮೀಟರ್ ಆಗುತ್ತದೆ. ಹೊಸ ಬೈಕಿನಲ್ಲಿ ಕಿಲೊಮೀಟರಿಗೆ ನಾಲ್ಕೂವರೆ ರೂಪಾಯಿ. ವರ್ಷದ ಲೆಕ್ಕದಲ್ಲಿ ಹಳೆಯದು ಅಗ್ಗ, ಕಿಲೊಮೀಟರ್ ಲೆಕ್ಕದಲ್ಲಿ ಹೊಸದು ಅಗ್ಗ. ಹಾಗಾದರೆ ಹಳೆಯದನ್ನೇ ಹನ್ನೆರಡು ಸಾವಿರ ಓಡಿಸಿದರಾಯಿತಲ್ಲ ಎಂದು ಕೇಳಬಹುದು. ಹತ್ತು ಸಾವಿರದಲ್ಲಿ ಮುಗಿಯುವ ರಿಪೇರಿ ಆಗ ಆ ಮಟ್ಟದಲ್ಲಿ ನಿಲ್ಲುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನು, ರಿಂಗು, ಕ್ಲಚ್ ಪ್ಲೇಟು ಸವೆಯುವುದು ಓಡಿದಷ್ಟೂ. ಭಾಯ್ ಅವರ ಶೆಡ್ಡಿನಲ್ಲಿ ಗಾಡಿ ನಿಂತ ದಿನಗಳಿಗೆ ಬಸ್ಸು, ಆಟೊ, ರಜೆ. ಆ ಖರ್ಚು ನೋಟ್‌ಬುಕ್ಕಿನಲ್ಲಿ ಬರುವುದೇ ಇಲ್ಲ.

ಹಣಕಾಸಿನ ಇನ್ನೂ ಕೆಲವು ಸಂಗತಿಗಳನ್ನು ಹಳೆ ಗಾಡಿಯ ಮೋಹದಲ್ಲಿರುವವರು ತಿಳಿದಿರಬೇಕು. ಮೂವತ್ತು ವರ್ಷದ ಬೈಕಿಗೆ ಬ್ಯಾಂಕುಗಳು ವಾಹನ ಸಾಲ ಕೊಡುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಪರ್ಸನಲ್ ಲೋನ್ ಮಾಡಿ ಕೊಂಡರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಗಾಡಿ ಕಳುವಾದಾಗ ಚಿಕ್ಕಾಸೂ ಬರುವುದಿಲ್ಲ. ಐದು ವರ್ಷ ದಾಟಿದ ಗಾಡಿಗೆ ಸ್ವಂತ ಹಾನಿಯ ವಿಮೆ ಬೇಕಿದ್ದರೆ ಮೌಲ್ಯವನ್ನು ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳಬೇಕು. ರಿಪೇರಿಯ ಬಿಲ್ಲುಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಅಲ್ಲಿ ಮಾತಾಡಲು ಬಲ ಇರುತ್ತದೆ. 2025ರ ಆಗಸ್ಟಿನಿಂದ ಇಪ್ಪತ್ತು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕ ಎರಡು ಸಾವಿರ ರೂಪಾಯಿ, ನವೀಕರಿಸಿದ್ದು ಐದು ವರ್ಷಕ್ಕೆ ಮಾತ್ರ. ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಅದು ನೀರಿನ ಪಸೆ ಹೀರುತ್ತದೆ, ಹಳೆ ಕಾಲದ ರಬ್ಬರಿಗೂ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿ ಇಡುವುದೇ ಕ್ಷೇಮ.

"ವಿಂಟೇಜ್" ಎಂಬ ಪದ ಕೇಳಿ ಹೆಚ್ಚು ಬೆಲೆ ಕೊಡುವವರೂ ಇದ್ದಾರೆ. ಕಾನೂನಿನ ಪ್ರಕಾರ ವಿಂಟೇಜ್ ಆಗಲು ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಗಾಡಿಯ ಮೂಲ ರೂಪ ಬದಲಾಗಿರಬಾರದು. 2021ರ ನಿಯಮದಂತೆ ಹೊಸದಾಗಿ ಹಾಗೆ ನೋಂದಾಯಿಸಲು ಇಪ್ಪತ್ತು ಸಾವಿರ ಶುಲ್ಕ, "ವಿಎ" ಅಕ್ಷರವಿರುವ ನಂಬರು, ದಿನಬಳಕೆಗೆ ಅವಕಾಶವಿಲ್ಲ. ಅರವತ್ತರ ದಶಕದ ಜಾವಾಗಳಿಗೆ ಅದು ಸಲ್ಲುತ್ತದೆ. ಮೊಟ್ಟಮೊದಲ ರೋಡ್‌ಕಿಂಗಿಗೂ ಅದು ದಕ್ಕುವುದು 2028ಕ್ಕೆ. ಮಾರುವವರು ಆ ಪದ ಬಳಸಿದರೆ ಆರ್‌ಸಿಯ ಇಸವಿ ನೋಡಿ. ಹಳೆ ಗಾಡಿಯ ಪರವಾಗಿಯೂ ಒಂದು ಅಂಶ ಇದೆ: ಸ್ವಂತ ಬಳಕೆಯ ವಾಹನ ಆದಾಯ ತೆರಿಗೆಯ ಲೆಕ್ಕದಲ್ಲಿ ಬಂಡವಾಳ ಆಸ್ತಿಯಲ್ಲ. ಅಕಸ್ಮಾತ್ ಲಾಭಕ್ಕೆ ಮಾರಿದರೂ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ನಷ್ಟವಾದರೆ ಅದನ್ನು ಬೇರೆ ಲಾಭಕ್ಕೆ ಹೊಂದಿಸಿಕೊಳ್ಳಲೂ ಬರುವುದಿಲ್ಲ.

ನಾನು ಹಳೆಯದನ್ನು ಆರಿಸಿಕೊಂಡದ್ದು ಲಾಭಕ್ಕಲ್ಲ. ಕೊಳ್ಳುವ ಮುಂಚೆ ನನ್ನ ಹೆಂಡತಿ ಕೇಳಿದ್ದು ಒಂದೇ: "ರೀ, ಇದನ್ನ ದಿನಾ ಆಫೀಸಿಗೆ ತಗೊಂಡ್ಹೋಗ್ತೀರಾ?" ಇಲ್ಲ ಎಂದೆ. ಆಫೀಸಿಗೆ ಸ್ಕೂಟರ್ ಇತ್ತು, ಇವತ್ತಿಗೂ ಇದೆ. "ಹಾಗಾದ್ರೆ ಮನೆ ಖರ್ಚಿನ ದುಡ್ಡು ಮುಟ್ಟಬೇಡಿ" ಎಂದಳು. ಅಂದಿನಿಂದ ತಿಂಗಳಿಗೆ ಎರಡೂವರೆ ಸಾವಿರ ಬೇರೆ ಖಾತೆಗೆ ಹೋಗುತ್ತದೆ. ಗಾಡಿಯ ರಿಪೇರಿ, ವಿಮೆ, ಜುಲೈ ಎರಡನೇ ಭಾನುವಾರ ಬರುವ ಜಾವಾ ದಿನದ ತಿಂಡಿ-ಕಾಫಿ ಎಲ್ಲ ಅದರಲ್ಲೇ. ಇದನ್ನು ಹೂಡಿಕೆ ಎಂದು ಕರೆದಿದ್ದರೆ ಪ್ರತಿ ಬಿಲ್ಲಿಗೂ ಹೊಟ್ಟೆ ಉರಿಯುತ್ತಿತ್ತು. ಹವ್ಯಾಸದ ಖರ್ಚು ಎಂದು ಬರೆದುಕೊಂಡದ್ದರಿಂದ ಕಿಲೊಮೀಟರಿಗೆ 19 ರೂಪಾಯಿ ಬಿದ್ದರೂ ತೊಂದರೆಯಿಲ್ಲ. ನಾನು ಮೈಸೂರಿನಲ್ಲಿದ್ದೇನೆ ಎಂಬುದೂ ಒಂದು ಉಳಿತಾಯ. ಹಳೆ ಯೆಜ್ಡಿಯ ಕೆಲಸ ಬಲ್ಲ ಕೈಗಳು ಇಲ್ಲಿ ಇನ್ನೂ ಇವೆ. ಅಂಥವರಿಲ್ಲದ ಊರಿನಲ್ಲಿ ಇದೇ ಗಾಡಿಗೆ ನನ್ನ ರಿಪೇರಿ ಅಂಕಿಯನ್ನು ಎರಡರಿಂದ ಗುಣಿಸಿಕೊಳ್ಳಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಮನೆಯಲ್ಲಿ ಅದೊಂದೇ ಗಾಡಿ, ದಿನಾ ಓಡಬೇಕು ಎಂದಾದರೆ ಹೊಸದೇ ಸರಿ. ಕೆಲಸಕ್ಕೆ ಬೇರೆ ವಾಹನ ಇದೆ, ಸಾಲ ಮಾಡದೆ ಕೊಳ್ಳಬಹುದು, ಕೊಂಡ ಬೆಲೆಯ ಮುಕ್ಕಾಲು ಪಾಲನ್ನಾದರೂ ರಿಪೇರಿಗೆಂದು ಬದಿಗಿಡಲು ಸಾಧ್ಯ ಎಂದಾದರೆ ಹಳೆಯದು ಕೊಳ್ಳಿ. ಅದರಲ್ಲೂ ಕೆಲಸ ಪೂರ್ತಿ ಮುಗಿದ ಗಾಡಿ ಸಿಕ್ಕರೆ ಇಪ್ಪತ್ತು-ಮೂವತ್ತು ಸಾವಿರ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಹಿಂದಿನ ಮಾಲೀಕ ಹಾಕಿದ ಖರ್ಚು ಮಾರುವಾಗ ಪೂರ್ತಿ ವಾಪಸ್ ಬರುವುದಿಲ್ಲ, ಆ ಕೊರತೆಯೇ ನಿಮ್ಮ ಉಳಿತಾಯ. ಟೋಕನ್ ಕೊಡುವ ಮೊದಲು ಪರಿವಾಹನ್ ತಾಣದಲ್ಲಿ ಆರ್‌ಸಿ, ಹೈಪಾಥಿಕೇಷನ್, ಬಾಕಿ ದಂಡ ನೋಡಿಕೊಳ್ಳಿ. ಬಲ್ಲ ಮೆಕ್ಯಾನಿಕ್ಕಿಗೆ ಕೊಡುವ ಸಾವಿರ ರೂಪಾಯಿಯಲ್ಲಿ ಮಾತ್ರ ಜಿಪುಣತನ ಬೇಡ.

ಹುಡುಗನಿಗೆ ಹೊಸದಕ್ಕೇ ಬುಕ್ ಮಾಡು ಎಂದಿದ್ದೇನೆ. ಭಾನುವಾರ ಬೇಕಾದರೆ ನನ್ನ ರೋಡ್‌ಕಿಂಗ್ ತೆಗೆದುಕೊಂಡು ಹೋಗಲಿ, ಪೆಟ್ರೋಲು, ಟೂಟಿ ಆಯಿಲು ಅವನದು. ಅವನು ಓಡಿಸಿದಷ್ಟೂ ನನ್ನ 19 ರೂಪಾಯಿ ಇಳಿಯುತ್ತದೆ.